ಪಿಎಸ್‌ಪಿ ಸೋತಿತು ಅನ್ನೋದು ಪೂರ್ತಿ ಸರಿಯಲ್ಲ

"ಪರದೆ, ಗ್ರಾಫಿಕ್ಸ್ ಎರಡೂ ಅಷ್ಟು ಚೆನ್ನಾಗಿದ್ದ ಪಿಎಸ್‌ಪಿ, ನಿಂಟೆಂಡೊ ಡಿಎಸ್ ಎದುರು ಸೋತಿದ್ದು ಯಾಕೆ?" ಅಂತ ಕೇಳಿದ್ದೀರಿ. ಎರಡೂ ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್‌ಗಳು. ಪಿಎಸ್‌ಪಿ ಸೋನಿ ಕಂಪನಿಯದು, ಡಿಎಸ್ ನಿಂಟೆಂಡೊ ಕಂಪನಿಯದು. ಬೆಲೆ ಒಂದು ಕಾರಣ. ಅಮೆರಿಕದಲ್ಲಿ 2004ರ ನವೆಂಬರ್‌ನಲ್ಲಿ ಡಿಎಸ್ ಬಂದಾಗ ಸುಮಾರು 150 ಡಾಲರ್. ಮರುವರ್ಷ ಮಾರ್ಚ್‌ನಲ್ಲಿ ಬಂದ ಪಿಎಸ್‌ಪಿಗೆ 250. ಮಕ್ಕಳಿಗೆ ಕೊಡಿಸುವ ಅಪ್ಪ ಅಮ್ಮನಿಗೆ ಇದು ದೊಡ್ಡ ವ್ಯತ್ಯಾಸ, ಅಲ್ವಾ?

ಆದರೆ ನನ್ನ ಪ್ರಕಾರ ನಿಜವಾದ ಕಾರಣ ಬೇರೆ. ಸೋನಿ ಗಮನ ಕೊಟ್ಟಿದ್ದು ಮೊದಲೇ ಗೇಮ್ ಆಡುತ್ತಿದ್ದವರಿಗೆ. ಟಿವಿ ಮುಂದೆ ಆಡುವಂಥ ಆಟ ಈಗ ಕೈಯಲ್ಲೇ ಸಿಗುತ್ತದೆ ಅನ್ನೋದು ಅವರ ಮಾತು. ನಿಂಟೆಂಡೊ ಮಾತ್ರ ಗೇಮ್ ಕಡೆ ತಲೆಯೇ ಹಾಕದವರನ್ನೂ ಕರೆಯಿತು. ಡಿಎಸ್‌ಗೆ ಎರಡು ಪರದೆ ಯಾಕೆ ಬೇಕು ಅಂತ ಶುರುವಿನಲ್ಲಿ ತುಂಬಾ ಜನ ಕೇಳಿದ್ದರು. 2005ರಲ್ಲಿ ನಿಂಟೆಂಡಾಗ್ಸ್ ಅನ್ನೋ ನಾಯಿ ಸಾಕುವ ಆಟ ಬಂತು. ಕೆಳಗಿನ ಪರದೆ ಮುಟ್ಟಿದರೆ ನಾಯಿಮರಿಯನ್ನು ಸವರಬಹುದು! ಮೆದುಳಿಗೆ ಕಸರತ್ತು ಕೊಡುವ ಆಟಗಳಂತೂ ಜಪಾನಿನಲ್ಲಿ ವಯಸ್ಸಾದವರನ್ನೂ ಸೆಳೆದವು. ಹತ್ತು ಬಟನ್ ಕಲಿಯುವ ಗೋಜೇ ಇಲ್ಲ.

ಹಾಗಂತ ಪಿಎಸ್‌ಪಿಯನ್ನು ಸುಮ್ನೆ ತಳ್ಳಿಹಾಕಬೇಡಿ. ಡಿಎಸ್ 15 ಕೋಟಿಗೂ ಜಾಸ್ತಿ ಮಾರಾಟವಾಯಿತು, ನಿಜ. ಪಿಎಸ್‌ಪಿಯೂ ಸುಮಾರು 8 ಕೋಟಿ ಮುಟ್ಟಿತು. ಕೈಯಲ್ಲಿ ಹಿಡಿದು ಆಡುವ ಕನ್ಸೋಲ್‌ಗಳಲ್ಲಿ ನಿಂಟೆಂಡೊಗೆ ಅಷ್ಟು ಗಟ್ಟಿ ಪೈಪೋಟಿ ಅದಕ್ಕೆ ಮೊದಲು ಯಾರೂ ಕೊಟ್ಟಿರಲಿಲ್ಲ. ಸೆಗಾದ ಗೇಮ್ ಗಿಯರ್ 1 ಕೋಟಿಯ ಆಸುಪಾಸಿನಲ್ಲೇ ನಿಂತಿತ್ತು. ಜಪಾನಿನಲ್ಲಿ ಮಾನ್ಸ್ಟರ್ ಹಂಟರ್ ಅನ್ನೋ ಬೇಟೆಯ ಆಟ ಆಡಲೆಂದೇ ಪಿಎಸ್‌ಪಿ ಕೊಂಡವರು ಎಷ್ಟೋ ಜನ. ಗೆಳೆಯರು ಒಂದೆಡೆ ಸೇರಿ, ವೈರ್‌ಲೆಸ್‌ನಲ್ಲಿ ಒಟ್ಟಿಗೆ ಬೇಟೆಗೆ ಹೋಗುತ್ತಿದ್ದರು. ನಿಮಗೆ ಈಗ ಪಿಎಸ್‌ಪಿ ಸಿಕ್ಕರೆ, ಮೊದಲು ಆ ಆಟವನ್ನೇ ಆಡಿ ನೋಡಿ ಅನ್ನುತ್ತೇನೆ.