ಇಲೋನಾ ಮಾಹರ್ ಯಾರು? ರಗ್ಬಿ ಆಟಗಾರ್ತಿಗೆ ಆನ್‌ಲೈನ್‌ನಲ್ಲಿ ಇಷ್ಟೊಂದು ಅಭಿಮಾನಿಗಳು ಯಾಕೆ?

ಅಮೆರಿಕದ ರಗ್ಬಿ ಸೆವೆನ್ಸ್ (ತಂಡಕ್ಕೆ ಏಳು ಜನ ಆಡುವ ರಗ್ಬಿ) ಆಟಗಾರ್ತಿ. 1996ರಲ್ಲಿ ಹುಟ್ಟಿದವರು, ವರ್ಮಾಂಟ್ ರಾಜ್ಯದವರು. ಓದಿದ್ದು ನರ್ಸಿಂಗ್.

ಟೋಕಿಯೊ ಒಲಿಂಪಿಕ್ಸ್ ವೇಳೆ ಕ್ರೀಡಾಗ್ರಾಮದಿಂದ ಹಾಕಿದ ತಮಾಷೆಯ ಟಿಕ್‌ಟಾಕ್ ವಿಡಿಯೊಗಳಿಂದ ಹೆಸರಾದರು. ಆದರೆ ಬರೀ ತಮಾಷೆಗೆ ಜನ ಜಾಸ್ತಿ ದಿನ ನಿಲ್ಲುವುದಿಲ್ಲ, ಅಲ್ವಾ? ತಮ್ಮ ಗಟ್ಟಿಮುಟ್ಟಾದ ಮೈಕಟ್ಟಿನ ಬಗ್ಗೆ ಅವರು ಅಳುಕಿಲ್ಲದೆ ಮಾತಾಡುತ್ತಾರೆ. ಲಿಪ್‌ಸ್ಟಿಕ್ ಹಚ್ಚಿಕೊಂಡೇ ಮೈದಾನಕ್ಕಿಳಿದು ಎದುರಾಳಿಯನ್ನು ಕೆಡವುತ್ತಾರೆ. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಲೆಕ್ಕ ಹಿಡಿದು ಕೆಣಕಿದವರಿಗೆ, ನಾನು ಒಲಿಂಪಿಕ್ಸ್‌ಗೆ ಹೋಗುತ್ತಿದ್ದೇನೆ, ನೀವಲ್ಲ ಎಂದು ತಿರುಗೇಟು ಕೊಟ್ಟರು. ದಪ್ಪ ಎಂದು ಹಂಗಿಸಿಕೊಂಡ ಹುಡುಗಿಯರಿಗೆ ಇದು ಸೀದಾ ಮನಸ್ಸಿಗೆ ತಟ್ಟಿತು ಅನ್ನಿಸುತ್ತದೆ.

2024ರ ಪ್ಯಾರಿಸ್‌ನಲ್ಲಿ ಆಸ್ಟ್ರೇಲಿಯಾವನ್ನು 14–12ರಿಂದ ಸೋಲಿಸಿ ತಂಡ ಕಂಚು ಗೆದ್ದಿತು. ಅದೇ ವರ್ಷ ಅಮೆರಿಕದ 'ಡ್ಯಾನ್ಸಿಂಗ್ ವಿತ್ ದ ಸ್ಟಾರ್ಸ್' ಟಿವಿ ಸ್ಪರ್ಧೆಯಲ್ಲಿ ಎರಡನೇ ಸ್ಥಾನ. ರಗ್ಬಿಯ ಗಂಧವೇ ಇಲ್ಲದವರಿಗೂ ಪರಿಚಯವಾದರು.