ದೋಣಿಮನೆಯ ಜನರೇಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ದೋಣಿಯಲ್ಲೇ ನಮ್ಮ ವಾಸ. 2 ಕೆವಿಎ ಪೆಟ್ರೋಲ್ ಇನ್ವರ್ಟರ್ ಜನರೇಟರ್ ಎರಡು ತಿಂಗಳು ಸುಮ್ಮನಿತ್ತು. ಈಗ ಸ್ಟಾರ್ಟ್ ಆಗುತ್ತದೆ, ಆದರೆ ವೇಗ ಏರುತ್ತಾ ಇಳಿಯುತ್ತಾ ಇರುತ್ತದೆ. ಲೋಡ್ ಹಾಕಿದರೆ ನಿಂತೇ ಹೋಗುತ್ತದೆ. ಸ್ಪಾರ್ಕ್ ಪ್ಲಗ್ ಬದಲಿಸಿದರೂ ಪ್ರಯೋಜನವಾಗಿಲ್ಲ.

ಉತ್ತರ: ಎಂಜಿನ್ ಬಿಸಿಯಾದ ಮೇಲೆ ಚೋಕನ್ನು (ಒಳಗೆ ಹೋಗುವ ಗಾಳಿ ತಡೆಯುವ ಕವಾಟ) ಅರ್ಧ ಮುಚ್ಚಿ ನೋಡಿ. ಓಟ ಸಮವಾಯಿತೆಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ ಎಂದರ್ಥ. ಪ್ಲಗ್‌ನ ತಪ್ಪೇನೂ ಇಲ್ಲ. ಟ್ಯಾಂಕ್ ಮುಚ್ಚಳದ ಗಾಳಿಕಿಂಡಿ ತೆರೆದಿದೆಯೇ ಎಂದು ಮೊದಲು ನೋಡಿ. ಅದು ಸರಿಯಿದ್ದರೆ ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ) ಕಟ್ಟಿಕೊಂಡಿರುವುದು ಬಹುತೇಕ ಖಚಿತ. ಕಾರ್ಬ್ಯುರೇಟರಿನ ಬೌಲ್‌ನಲ್ಲಿ (ಅಡಿಯ ಪುಟ್ಟ ಬಟ್ಟಲು) ನಿಂತ ಪೆಟ್ರೋಲ್ ಆವಿಯಾಗಿ ಅಂಟು ಉಳಿಯುತ್ತದೆ. ಎಥನಾಲ್ ಬೆರೆತದ್ದಾದರೆ ನೀರಿನ ಮೇಲಿನ ತೇವವನ್ನೂ ಹೀರಿಕೊಂಡಿರುತ್ತದೆ.

ಜನರೇಟರನ್ನು ದಡಕ್ಕೆ ಒಯ್ದು, ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿ. ಬೌಲ್‌ನ ಅಡಿಯ ಡ್ರೇನ್ ಸ್ಕ್ರೂ ಸಡಿಲಿಸಿ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ. ನೀರು ಸೇರಿದ್ದರೆ ತಳದಲ್ಲಿ ಬೇರೆಯೇ ಗುಳ್ಳೆಯಾಗಿ ಉರುಳುವುದು ಕಾಣುತ್ತದೆ. ಹಾಗಿದ್ದರೆ ಟ್ಯಾಂಕನ್ನೂ ಖಾಲಿ ಮಾಡಬೇಕು. ಬೌಲ್ ಕಳಚಿ, ಸರಿಯಾಗಿ ಕೂರುವ ಸ್ಕ್ರೂಡ್ರೈವರಿನಿಂದ ಹಿತ್ತಾಳೆಯ ಮೇನ್ ಜೆಟ್ ತೆಗೆಯಿರಿ. ಬೆಳಕಿಗೆ ಹಿಡಿದರೆ ತೂತು ಪೂರ್ತಿ ದುಂಡಗೆ ಕಾಣಬೇಕು. ಕಾರ್ಬ್ಯುರೇಟರ್ ಕ್ಲೀನರ್ ಹೊಡೆದು, ವೈರಿನೊಳಗಿನ ಒಂದೇ ಒಂದು ತಾಮ್ರದ ಎಳೆಯನ್ನು ತೂರಿಸಿ. ಉಕ್ಕಿನ ತಂತಿ ಬೇಡ, ತೂತು ದೊಡ್ಡದಾದರೆ ಜೆಟ್ಟೇ ಹಾಳು. ಮೇನ್ ಜೆಟ್ ಅಷ್ಟೇ ತೊಳೆದು ಮುಚ್ಚಿಬಿಡುವವರೇ ಹೆಚ್ಚು. ಹಿಂದಿರುವ ಎಮಲ್ಷನ್ ಟ್ಯೂಬಿನ (ಪೆಟ್ರೋಲಿಗೆ ಗಾಳಿ ಬೆರೆಸುವ ಕೊಳವೆ) ಪಕ್ಕದ ತೂತುಗಳನ್ನೂ, ಕಡಿಮೆ ಲೋಡ್‌ನಲ್ಲಿ ಪೆಟ್ರೋಲ್ ಕೊಡುವ ಪುಟ್ಟ ಪೈಲಟ್ ಜೆಟ್ಟನ್ನೂ ಬಿಡಬೇಡಿ. ಕಡಿಮೆ ಲೋಡ್‌ನಲ್ಲಿ ವೇಗ ಏರಿಳಿಯಲು ಹಲವು ಬಾರಿ ಪೈಲಟ್ ಜೆಟ್ಟೇ ಕಾರಣ. ಬೌಲ್‌ನ ಗ್ಯಾಸ್ಕೆಟ್ ಉಬ್ಬಿದ್ದರೆ ಹೊಸದು ಹಾಕಿ.

ಮುಂದೆ ಕೆಲವು ವಾರ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ (ಟ್ಯಾಂಕಿನ ನಲ್ಲಿ) ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಬೌಲ್‌ನಲ್ಲಿ ಉಳಿದದ್ದನ್ನೂ ಇಳಿಸಿಬಿಡಿ.

ಪ್ರಶ್ನೆ: ಆಯಿಲ್ ಇದ್ದರೂ ದೋಣಿ ಓಲಾಡಿದಾಗ ಜನರೇಟರ್ ನಿಲ್ಲುತ್ತದೆ. ಆಯಿಲ್ ಕಡಿಮೆಯಾದರೆ ಎಂಜಿನ್ ನಿಲ್ಲಿಸುವ ಸೆನ್ಸರಿನ ವೈರ್ ಕಿತ್ತುಬಿಡಬಹುದೇ?

ಉತ್ತರ: ಖಂಡಿತ ಬೇಡ. ಈ ಗಾತ್ರದ ಎಂಜಿನ್‌ನಲ್ಲಿ ಆಯಿಲ್ ಹಿಡಿಸುವುದೇ ಸುಮಾರು 400 ಮಿಲಿ. ಸ್ವಲ್ಪ ವಾಲಿದರೂ ಆಯಿಲ್ ಒಂದು ಕಡೆ ಸರಿಯುತ್ತದೆ, ಸೆನ್ಸರ್ ಕಿಡಿ ಕಡಿಯುತ್ತದೆ. ಇಂಥ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಆಯಿಲ್ ಪಂಪ್ ಇರುವುದಿಲ್ಲ, ಎರಚಿದ ಆಯಿಲೇ ಆಧಾರ. ಅದು ತಪ್ಪಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಅಲುಗದಂತೆ ಹಿಡಿದುಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲಿಟ್ಟು, ಸುರಿಯುವ ಬಾಯಿಯ ಅಂಚಿನವರೆಗೆ ತುಂಬಿಸಿ. ಸಾಮಾನ್ಯವಾಗಿ ಹೊಸದರಲ್ಲಿ 20 ಗಂಟೆಗೆ, ಆಮೇಲೆ 100 ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು. ದಿನಕ್ಕೆ 4 ಗಂಟೆ ಓಡಿಸುವವರಿಗೆ 25 ದಿನಕ್ಕೇ 100 ಗಂಟೆ ಆಗಿಹೋಗುತ್ತದೆ, ಮರೆಯಬೇಡಿ.

ಪ್ರಶ್ನೆ: ಮಳೆ ಬಂದಾಗ ಕಿಟಕಿ ತೆರೆದಿಟ್ಟು ಕ್ಯಾಬಿನ್ ಒಳಗೆ ಓಡಿಸಬಹುದೇ?

ಉತ್ತರ: ಕೂಡದು, ಐದು ನಿಮಿಷವೂ ಕೂಡದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಕೊಲ್ಲುತ್ತದೆ. ಡೆಕ್ ಮೇಲಿಟ್ಟರೂ ಗಾಳಿ ತಿರುಗಿದರೆ ಹೊಗೆ ಒಳಗೆ ನುಗ್ಗುತ್ತದೆ, ಪಕ್ಕದ ದೋಣಿಗೂ ಹೋಗುತ್ತದೆ. ಮಲಗುವ ಕಡೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು. ಸೈಲೆನ್ಸರಿಗೆ ಮನೆಯಲ್ಲೇ ಪೈಪ್ ಜೋಡಿಸಬೇಡಿ, ಕೀಲುಗಳು ಸೋರುತ್ತವೆ. ಪೆಟ್ರೋಲ್ ತುಂಬಿಸುವುದೂ ದಡದಲ್ಲೇ, ಏಕೆಂದರೆ ಅದರ ಆವಿ ಗಾಳಿಗಿಂತ ಭಾರ. ದೋಣಿಯ ತಳದಲ್ಲಿ ಇಳಿದು ಕೂತು ಒಂದು ಕಿಡಿಗೆ ಕಾಯುತ್ತದೆ.

ಪ್ರಶ್ನೆ: 12 ವೋಲ್ಟಿನ 40 ಆಂಪಿಯರ್ ಚಾರ್ಜರ್ ಹಾಕಿದರೆ 1 ಕೆವಿಎ ಜನರೇಟರ್ ಓವರ್‌ಲೋಡ್ ಆಗುತ್ತದೆ. ಏಕೆ?

ಉತ್ತರ: 12 ವೋಲ್ಟಿನ ಬ್ಯಾಟರಿ ಚಾರ್ಜ್ ಆಗುವಾಗ ವೋಲ್ಟೇಜ್ 14.4ರವರೆಗೆ ಏರುತ್ತದೆ. 14.4 ವೋಲ್ಟಿಗೆ 40 ಆಂಪಿಯರ್ ಎಂದರೆ 576 ವ್ಯಾಟ್. ಚಾರ್ಜರಿನ ದಕ್ಷತೆ 85% ಎಂದರೆ ಎಳೆಯುವುದು ಸುಮಾರು 680 ವ್ಯಾಟ್. ಪವರ್ ಫ್ಯಾಕ್ಟರ್ (ಜನರೇಟರ್ ಹೊರುವ ವಿಎಯಲ್ಲಿ ನಿಜವಾಗಿ ಬಳಕೆಯಾಗುವ ವ್ಯಾಟ್‌ನ ಪಾಲು) 0.65 ಇದ್ದರೆ ಜನರೇಟರ್ ಹೊರಬೇಕಾದ್ದು 1,040 ವಿಎ ದಾಟುತ್ತದೆ, 1 ಕೆವಿಎ ಎಂದರೆ 1,000 ವಿಎ ಮಾತ್ರ. ಚಾರ್ಜರ್ ಸೆಟ್ಟಿಂಗನ್ನು 25 ಆಂಪಿಯರಿಗೆ ಇಳಿಸಿ, ಇಲ್ಲವೇ ಪವರ್ ಫ್ಯಾಕ್ಟರ್ ತಿದ್ದುವ ಚಾರ್ಜರ್ ಕೊಳ್ಳಿ. ಓವರ್‌ಲೋಡ್ ದೀಪ ಹತ್ತಿದ ಮೇಲೆ ಲೋಡ್ ತೆಗೆದರಷ್ಟೇ ಸಾಲದು. ಬಹಳಷ್ಟು ಮಾದರಿಗಳಲ್ಲಿ ಎಂಜಿನ್ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೇ ಕರೆಂಟ್ ಬರುವುದು.