ಆರ್ವೊ ಪ್ಯಾರ್ಟ್ ಅವರನ್ನು ಎಲ್ಲಿಂದ ಕೇಳಬೇಕು?

ಸಂಗೀತ ರಚನೆಕಾರ ಆರ್ವೊ ಪ್ಯಾರ್ಟ್ ಅವರ ‘ಸ್ಪೀಗಲ್ ಇಮ್ ಸ್ಪೀಗಲ್’ ಕೃತಿ ಕೇಳಿ ಮನಸ್ಸು ಕಲಕಿತು, ಇಷ್ಟು ಕಡಿಮೆ ಸ್ವರಗಳಲ್ಲಿ ಇದು ಹೇಗೆ ಸಾಧ್ಯ, ಮುಂದೆ ಏನನ್ನು ಕೇಳಲಿ ಎಂದಿದ್ದೀರಿ. ಆ ಕೆಲವೇ ಸ್ವರಗಳಿಗಾಗಿ ಪ್ಯಾರ್ಟ್ ವರ್ಷಗಟ್ಟಲೆ ಹುಡುಕಿದ್ದರು.

1935ರಲ್ಲಿ ಎಸ್ಟೋನಿಯಾದಲ್ಲಿ ಹುಟ್ಟಿದ ಅವರು ಮೊದಮೊದಲು ಬರೆದದ್ದು ಕಿವಿಗೆ ಒರಟಾದ ಆಧುನಿಕ ಸಂಗೀತ. 1968ರ ‘ಕ್ರೆಡೊ’ ಕೃತಿಯಲ್ಲಿ ಕ್ರಿಸ್ತನಲ್ಲಿ ತಮಗಿರುವ ನಂಬಿಕೆಯನ್ನು ಬಹಿರಂಗವಾಗಿ ಸಾರಿ, ಆಗ ಎಸ್ಟೋನಿಯಾವನ್ನು ಆಳುತ್ತಿದ್ದ ಸೋವಿಯತ್ ಅಧಿಕಾರಿಗಳ ಕೆಂಗಣ್ಣಿಗೆ ಗುರಿಯಾದರು. ಆಮೇಲೆ ಬರೆದದ್ದು ತೀರ ಕಡಿಮೆ. ಹಳೆಯ ಚರ್ಚ್ ಗಾಯನದ ಅಭ್ಯಾಸದಲ್ಲಿ ಮುಳುಗಿದರು. 1976ರಲ್ಲಿ ಹೊರಬಂದದ್ದು ‘ಫ್ಯೂರ್ ಅಲೀನಾ’ ಎಂಬ ಪುಟ್ಟ ಪಿಯಾನೋ ಕೃತಿ. ನೀವು ಇದನ್ನೇ ಮೊದಲು ಕೇಳಿ. ಒಂದು ದನಿ ಅಳುಕುತ್ತಾ ಸ್ವರದಿಂದ ಸ್ವರಕ್ಕೆ ಹೆಜ್ಜೆಯಿಡುತ್ತದೆ, ಇನ್ನೊಂದು ಮೂರೇ ಸ್ವರಗಳ ನಡುವೆ ಗಂಟೆಯಂತೆ ಮಿಡಿಯುತ್ತದೆ. ಈ ಜೋಡಿ ನಡಿಗೆಗೆ ಅವರಿಟ್ಟ ಹೆಸರು ‘ಟಿಂಟಿನ್ನಾಬುಲಿ’. ಲ್ಯಾಟಿನ್‌ನಲ್ಲಿ ಪುಟ್ಟ ಗಂಟೆಗಳು ಎಂದರ್ಥ. ನೀವು ಕೇಳಿದ 1978ರ ಕೃತಿಯೂ ಇದೇ ಬಗೆಯದು.

ಅನಂತರ, ಇಂಗ್ಲಿಷ್ ಸಂಗೀತ ರಚನೆಕಾರ ಬೆಂಜಮಿನ್ ಬ್ರಿಟನ್ ನೆನಪಿಗೆ 1977ರಲ್ಲಿ ರಚಿಸಿದ ‘ಕ್ಯಾಂಟಸ್’. ತಂತಿವಾದ್ಯಗಳೆಲ್ಲ ಇಳಿಯುವುದು ಒಂದೇ ಅವರೋಹಣದಲ್ಲಿ. ಆದರೆ ಪ್ರತಿ ಕೆಳಗಿನ ಗುಂಪಿನ ವೇಗ ತನ್ನ ಮೇಲಿನದರ ಅರ್ಧ. ಕೊನೆಯ ಕ್ಷಣವನ್ನು ಮಾತ್ರ ದಯವಿಟ್ಟು ತಪ್ಪಿಸಿಕೊಳ್ಳಬೇಡಿ. ತಂತಿಗಳು ಒಮ್ಮೆಲೇ ನಿಲ್ಲುತ್ತವೆ. ಅವುಗಳ ಮರೆಯಲ್ಲಿ ಮೆಲ್ಲನೆ ಬಾರಿಸಿದ್ದ ಗಂಟೆಯ ಅನುರಣನ ಆಗಷ್ಟೇ ಕಿವಿಗೆ ಬೀಳುತ್ತದೆ. ನನಗೆ ಪ್ರತಿ ಸಲವೂ ಗಂಟಲು ಕಟ್ಟುವುದು ಅಲ್ಲಿಯೇ.

1980ರಲ್ಲಿ ದೇಶ ಬಿಟ್ಟ ಮೇಲೆ ರಚಿಸಿದ ದೊಡ್ಡ ಗಾಯನ ಕೃತಿಗಳಿಗೆ ಅವಸರ ಬೇಡ. ಈ ಎರಡನ್ನು ರಾತ್ರಿ, ಮನೆ ನಿಶ್ಶಬ್ದವಾದ ಮೇಲೆ ಕೇಳಿ, ಹೇಗನ್ನಿಸಿತೆಂದು ಬರೆಯಿರಿ.